ಎರೆನೆಲ ಮತ್ತು ವಿದ್ವತ್ಸಭೆ: ವಿಜಯಪುರದ ನಾಲ್ಕು ತಾಲೂಕುಗಳಲ್ಲಿ ಎಂಜಿನಿಯರಿಂಗ್ ವಿದ್ಯೆ ನಡೆದುಬಂದ ದಾರಿ

ಎಂಜಿನಿಯರಿಂಗ್ ವಿದ್ಯೆಯಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ಎಂದರೆ, ಹಲವು ದೇಶಗಳ ಸಂಶೋಧಕರು, ಕಾಮಗಾರಿ ನಡೆಸುವ ಎಂಜಿನಿಯರುಗಳು, ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಒಂದೆಡೆ ಸೇರಿ, ತಾವು ಕಂಡುಕೊಂಡದ್ದನ್ನು ಪ್ರಬಂಧರೂಪದಲ್ಲಿ ಮಂಡಿಸಿ, ಸಭಿಕರ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಕೊನೆಗೆ ಅದೆಲ್ಲವನ್ನೂ ಸಂಪುಟವಾಗಿ ಹೊರತರುವ ಸಭೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯ ವಿದ್ಯಾರ್ಥಿಯೊಬ್ಬ ಅಥವಾ ವಿದ್ಯಾರ್ಥಿನಿಯೊಬ್ಬಳು ಅಂಥ ಸಭೆಯಲ್ಲಿ ನಿಂತು ಪ್ರಬಂಧ ಮಂಡಿಸುವುದು ಇಂದು ಸಾಧ್ಯವಾಗಿದೆ. ಆದರೆ ಆ ವೇದಿಕೆಯವರೆಗೆ ಬರಲು ಈ ಸೀಮೆ ಸವೆಸಿದ ದಾರಿ ಉದ್ದವಾದದ್ದು, ಬರಗಾಲ, ಅಣೆಕಟ್ಟು, ಮುಳುಗಡೆ ಮತ್ತು ಶಾಲೆಗಳ ಚರಿತ್ರೆಯೊಡನೆ ಹೆಣೆದುಕೊಂಡದ್ದು. ಈ ಚರಿತ್ರೆಯಲ್ಲಿ ಎದ್ದು ಕಾಣುವ ಸಂಗತಿ ಒಂದಿದೆ: ಇಲ್ಲಿರುವಂಥ ಮಣ್ಣು ಮತ್ತು ಇಲ್ಲಿ ಹರಿಯುವ ನೀರು ವಿದ್ವಾಂಸರ ಹಾಗೂ ತಜ್ಞರ ಚರ್ಚೆಗೆ ವಸ್ತುವಾದದ್ದು ಮೊದಲು, ಇಲ್ಲಿಯ ಮಕ್ಕಳು ಆ ಚರ್ಚೆಯಲ್ಲಿ ಪಾಲುಗೊಂಡದ್ದು ಬಹಳ ತಡವಾಗಿ. ಈ ಅಂತರ ಹೇಗೆ ಹುಟ್ಟಿತು, ಯಾವ ಸಂಸ್ಥೆಗಳ ಮೂಲಕ ಕಿರಿದಾಗುತ್ತ ಬಂತು, ಅದು ಪೂರ್ತಿ ಅಳಿಯಬೇಕಾದರೆ ಇನ್ನೇನು ಆಗಬೇಕು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನೆಲದ ಗುಣ, ನೆಲದವರ ತಿಳಿವಳಿಕೆ

ತಾಳಿಕೋಟೆ, ನಿಡಗುಂದಿ, ಕೊಲ್ಹಾರ, ಚಡಚಣ, ದೇವರ ಹಿಪ್ಪರಗಿ, ಆಲಮೇಲ ಮುಂತಾದ ಹೊಸ ತಾಲೂಕುಗಳು ಇತ್ತೀಚಿನ ವರ್ಷಗಳಲ್ಲಿ ರಚನೆಯಾಗಿರುವುದರಿಂದ, ಇಲ್ಲಿ ನಾಲ್ಕು ತಾಲೂಕುಗಳೆಂದು ಹೇಳುವಾಗ ಅವುಗಳ ಹಳೆಯ ಎಲ್ಲೆಗಳನ್ನೇ ಗಣನೆಗೆ ತೆಗೆದುಕೊಳ್ಳಲಾಗಿದೆ. ಉತ್ತರದಲ್ಲಿ ಇಂಡಿ ಮತ್ತು ಸಿಂದಗಿಯ ಅಂಚಿಗೆ ಭೀಮೆ, ದಕ್ಷಿಣದಲ್ಲಿ ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳದ ಅಂಚಿಗೆ ಕೃಷ್ಣೆ, ಇವೆರಡರ ನಡುವೆ ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುವ ಡೋಣಿ. ಎರಡು ದೊಡ್ಡ ನದಿಗಳ ನಡುವೆ ಇದ್ದರೂ ಈ ಬಯಲು ಶತಮಾನಗಳ ಕಾಲ ನೀರಿಗಾಗಿ ಮುಗಿಲನ್ನೇ ನೋಡಬೇಕಾಯಿತು, ಏಕೆಂದರೆ ನದಿಗಳು ಆಳದ ಪಾತ್ರಗಳಲ್ಲಿ ಹರಿಯುತ್ತವೆ, ಹೊಲಗಳು ಎತ್ತರದಲ್ಲಿವೆ, ಮಳೆಯೋ ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟು ಮಾತ್ರ, ಅದೂ ನಂಬುವಂತಿಲ್ಲ. ಡೋಣಿ ಉಕ್ಕಿದ ವರ್ಷ ಜೋಳಕ್ಕೆ ಕೊರತೆಯಿಲ್ಲ ಎಂಬ ಅರ್ಥದ ಗಾದೆ ಇಲ್ಲಿ ಪ್ರಚಲಿತವಾಗಿರುವುದು, ಜನರ ಬದುಕು ನೀರಿನ ಒಂದು ಏರಿಳಿತವನ್ನು ಎಷ್ಟು ನೆಚ್ಚಿಕೊಂಡಿತ್ತು ಎಂಬುದಕ್ಕೆ ಸಾಕ್ಷಿ.

ಈ ಬಯಲಿನ ಬಹುಭಾಗವನ್ನು ಆವರಿಸಿರುವ ಕಪ್ಪು ಮಣ್ಣನ್ನು ಊರವರು ಎರೆ ಎಂದೂ, ಅಂಥ ಹೊಲವನ್ನು ಎರೆಹೊಲವೆಂದೂ ಕರೆಯುತ್ತಾರೆ. ಬಸಾಲ್ಟ್ ಶಿಲೆ ಯುಗಯುಗಗಳ ಕಾಲ ಸವೆದು ಉಂಟಾದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದ್ದು, ಅದರ ಕಣಗಳು ತೆಳುವಾದ ಪದರಗಳಿಂದ ಆಗಿರುವುದರಿಂದ ನೀರು ಆ ಪದರಗಳ ನಡುವೆ ನುಗ್ಗಿದಾಗ ಮಣ್ಣು ಉಬ್ಬುತ್ತದೆ, ನೀರು ಆರಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಗೆಯಲ್ಲಿ ಎರೆಹೊಲದ ಬಿರುಕಿನೊಳಗೆ ಕೈ ಇಳಿಬಿಟ್ಟರೆ ಮೊಳಕೈವರೆಗೂ ತಡೆಯಿಲ್ಲದೆ ಹೋಗುತ್ತದೆ. ಅದೇ ನೆಲ ಮುಂಗಾರಿನ ಎರಡು ಒಳ್ಳೆಯ ಮಳೆ ಕಂಡಮೇಲೆ ಚಕ್ಕಡಿಯ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಮುಂಗಾರಿನ ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಂಡು ಹಿಂಗಾರಿ ಜೋಳಕ್ಕೆ ಒದಗಿಸುವ ಈ ಗುಣ ಒಕ್ಕಲಿಗನಿಗೆ ವರವಾದರೆ, ಕಟ್ಟಡ ಕಟ್ಟುವವನಿಗೆ ಅದೇ ಗುಣ ಸಂಕಟ, ಏಕೆಂದರೆ ಋತುವಿಗೊಮ್ಮೆ ಏರಿ ಇಳಿಯುವ ನೆಲದ ಮೇಲೆ ಗೋಡೆ ನಿಲ್ಲುವುದು, ರಸ್ತೆ ಸಮವಾಗಿ ಉಳಿಯುವುದು ಕಷ್ಟ.

ಇಲ್ಲಿಯ ಜನ ಈ ಮಣ್ಣಿನೊಡನೆ ಬಾಳಿ ಕಲಿತ ಉಪಾಯಗಳು ಹಲವು. ಬೆಳೆ ನಿಂತಿರುವಾಗ ಎಡೆ ಹೊಡೆದು ಮೇಲ್ಮಣ್ಣನ್ನು ಪುಡಿಮಾಡಿ ಬಿರುಕುಗಳನ್ನು ಮುಚ್ಚುವುದು ಒಳಗಿನ ತೇವ ಆರಿಹೋಗದಂತೆ ಕಾಯುವ ಕ್ರಮ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ ಹೆಚ್ಚಾದ ನೀರು ಹೊರಗೆ ಹೋಗಲು ಕಲ್ಲಿನ ಕೋಡಿ ಕಟ್ಟುವುದು ಮಣ್ಣು ಕೊಚ್ಚಿಹೋಗದಂತೆ ತಡೆಯುವ ಕ್ರಮ. ಅಂಗಳಕ್ಕೂ ದಾರಿಗೂ ಎರೆಯ ಮೇಲೆ ಗರಸು ಹರವಿ ಬಡಿದು ಗಟ್ಟಿಮಾಡುವುದು ಕಾಲು ಹೂಳದ ನೆಲವನ್ನು ಪಡೆಯುವ ಕ್ರಮ. ಈ ಉಪಾಯಗಳ ಹಿಂದೆ ದೀರ್ಘಕಾಲದ ಗಮನಿಕೆ, ಪ್ರಯೋಗ ಮತ್ತು ತಿದ್ದುಪಡಿ ಇದ್ದವು. ಅವನ್ನು ಬರೆದಿಡುವ, ಅಳೆಯುವ, ದೂರದವರಿಗೆ ತಿಳಿಸುವ ವ್ಯವಸ್ಥೆಯೊಂದು ಮಾತ್ರ ಇರಲಿಲ್ಲ. ವಿಜಯಪುರದಲ್ಲಿ 1933ರಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರ ಆರಂಭವಾದಾಗ, ಮಳೆಯಾಶ್ರಿತ ಬೇಸಾಯದ ಇಂಥ ರೂಢಿಗಳು ಮೊದಲ ಬಾರಿಗೆ ವ್ಯವಸ್ಥಿತವಾಗಿ ವಿಜ್ಞಾನದ ಅಳತೆಗೆ ಒಳಗಾಗುವ ಅವಕಾಶ ಒದಗಿತು.

ಸಾಲೋಟಗಿಯ ಶಾಲೆ ಮತ್ತು ಬಿಜಾಪುರದ ಜಲಕಾಮಗಾರಿ

ದೂರದೂರದಿಂದ ಬಂದವರು ಒಂದೆಡೆ ಕೂಡಿ ಕಲಿಯುವ ಪದ್ಧತಿ ಈ ಸೀಮೆಗೆ ಹೊಸದಲ್ಲ ಎಂಬುದಕ್ಕೆ ಇಂಡಿ ತಾಲೂಕಿನ ಸಾಲೋಟಗಿಯ ಸ್ತಂಭಶಾಸನ ಗಟ್ಟಿಯಾದ ಆಧಾರ. ಕ್ರಿ.ಶ. 945ರ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ ಈ ಶಾಸನವು, ಅವನ ಮಂತ್ರಿ ನಾರಾಯಣನು ಆಗ ಪಾವಿಟ್ಟಗೆ ಎನಿಸಿಕೊಂಡಿದ್ದ ಈ ಊರಿನಲ್ಲಿ ತ್ರೈಪುರುಷ ದೇವಾಲಯದೊಡನೆ ಶಾಲೆಯೊಂದನ್ನು ಕಟ್ಟಿಸಿದ್ದನ್ನೂ, ಅಲ್ಲಿ ನಾನಾ ಜನಪದಗಳಿಂದ, ಅಂದರೆ ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಇದ್ದುದನ್ನೂ, ಅವರ ವಸತಿಗೆ 27 ಮನೆಗಳು ಮೀಸಲಾಗಿದ್ದುದನ್ನೂ ತಿಳಿಸುತ್ತದೆ. ಶಾಲೆಯ ವೆಚ್ಚಕ್ಕೆ 500 ನಿವರ್ತನ ಭೂಮಿ, ದೀಪಕ್ಕೆ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ ಎಂದು ದತ್ತಿಯನ್ನು ಬಗೆಹರಿಸಲಾಗಿತ್ತು. ನಿವರ್ತನ ಎಂಬುದು ಆ ಕಾಲದ ಭೂಮಾಪನದ ಒಂದು ಅಳತೆ. ಮದುವೆ, ಉಪನಯನ, ಚೌಲಗಳ ಸಂದರ್ಭದಲ್ಲಿ ಶಾಲೆಗೆ ನಿಗದಿಯಾದ ಕಾಣಿಕೆ ಸಲ್ಲಬೇಕೆಂಬ ಕಟ್ಟಳೆಯೂ ಇದ್ದುದನ್ನು ನೋಡಿದರೆ, ಪರಸ್ಥಳದ ವಿದ್ಯಾರ್ಥಿಯ ಊಟ, ವಸತಿ ಮತ್ತು ರಾತ್ರಿಯ ಓದಿನ ದೀಪದ ಹೊಣೆಯನ್ನು ಊರು ಹೊತ್ತುಕೊಂಡಿತ್ತು ಎಂಬುದು ಸ್ಪಷ್ಟವಾಗುತ್ತದೆ. ಆದರೆ ಅಲ್ಲಿ ನಡೆಯುತ್ತಿದ್ದುದು ವೇದಶಾಸ್ತ್ರಗಳ ಅಧ್ಯಯನ. ಅದೇ ಊರಿನ ಒಕ್ಕಲಿಗ, ಕಲ್ಲುಕುಟಿಗ, ಬಡಗಿ, ಕಮ್ಮಾರರ ಕಸುಬಿನ ಜ್ಞಾನಕ್ಕೆ ಆ ಶಾಲೆಯೊಳಗೆ ಜಾಗ ಇರಲಿಲ್ಲ.

ಕಸುಬಿನ ಜ್ಞಾನ ತನ್ನ ಎತ್ತರವನ್ನು ಮುಟ್ಟಿದ್ದು ಇಂದಿನ ವಿಜಯಪುರವಾದ ಆದಿಲ್‌ಶಾಹಿ ಬಿಜಾಪುರದಲ್ಲಿ. ತೊರವಿಯ ಕಡೆಯಿಂದ ಸುರಂಗದಲ್ಲಿ ನೀರು ತರುವ ವ್ಯವಸ್ಥೆ, 1620ರ ತಾಜ್ ಬಾವಡಿ, 1651ರ ಬೇಗಂ ತಲಾಬ್, ಮಣ್ಣಿನ ಕೊಳವೆಗಳಲ್ಲಿ ಬಂದ ನೀರಿನ ಒತ್ತಡವನ್ನು ತಗ್ಗಿಸಿ ಮುಂದಕ್ಕೆ ಹಂಚಲು ಅಲ್ಲಲ್ಲಿ ಕಟ್ಟಿದ ಗಂಜ್ ಎಂಬ ಗೋಪುರಗಳು, ಕೊನೆಗೆ 1656ರ ಗೋಳಗುಮ್ಮಟ, ಇವೆಲ್ಲ ಅಳತೆ, ಒತ್ತಡ, ಭಾರಗಳ ಸೂಕ್ಷ್ಮವನ್ನು ಬಲ್ಲವರ ಕೆಲಸಗಳು. ಪರ್ಷಿಯಾದಿಂದಲೂ ಮಧ್ಯ ಏಷ್ಯಾದಿಂದಲೂ ಬಂದ ಪರಿಣತರು ಸ್ಥಳೀಯ ಕುಶಲಕರ್ಮಿಗಳೊಡನೆ ಕೂಡಿ ದುಡಿದ ಆ ನಗರದಲ್ಲಿ ದೇಶದೇಶಗಳ ತಿಳಿವಳಿಕೆ ಒಂದಾಯಿತೆಂಬುದು ನಿಜ. ಆದರೂ ಆ ತಿಳಿವಳಿಕೆ ಗುರುವಿನಿಂದ ಶಿಷ್ಯನಿಗೆ, ತಂದೆಯಿಂದ ಮಗನಿಗೆ ಕೈಕೆಲಸದ ಮೂಲಕವೇ ಸಾಗಿದ್ದರಿಂದ, 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ನಗರ ಶರಣಾಗಿ ಆಶ್ರಯ ತಪ್ಪಿದ ಮೇಲೆ, ಕಟ್ಟಡಗಳು ಉಳಿದವು, ಕಟ್ಟಿದವರ ಲೆಕ್ಕಾಚಾರ ಉಳಿಯಲಿಲ್ಲ.

ಬರಗಾಲ, ರೈಲು ಮತ್ತು ಪುಣೆಯ ಕಾಲೇಜು

ಬ್ರಿಟಿಷರ ಆಳ್ವಿಕೆಯಲ್ಲಿ ಈ ತಾಲೂಕುಗಳು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿದ್ದವು. 1885ರಲ್ಲಿ ಜಿಲ್ಲಾಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಆ ಹೊತ್ತಿಗೆ 1876ರಿಂದ 1878ರವರೆಗಿನ ಘೋರ ಕ್ಷಾಮ ಜಿಲ್ಲೆಯನ್ನು ಬರಿದು ಮಾಡಿತ್ತು: 1872ರಲ್ಲಿ ಎಂಟು ಲಕ್ಷಕ್ಕೂ ಹೆಚ್ಚಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 6.38 ಲಕ್ಷಕ್ಕೆ ಇಳಿದಿತ್ತು. ಧಾನ್ಯ ಸಾಗಿಸುವ ದಾರಿ ಇಲ್ಲದ್ದೂ ಸಾವಿನ ಒಂದು ಕಾರಣವೆಂದು ಮನಗಂಡ ಸರಕಾರವು ಹೊಟಗಿಯಿಂದ ಗದಗಿಗೆ ರೈಲುಮಾರ್ಗವನ್ನು ಯೋಜಿಸಿತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ 1884ರ ಹೊತ್ತಿಗೆ ಆ ಮಾರ್ಗವನ್ನು ತೆರೆಯಿತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳ ಹೆಸರುಗಳೇ ತೋರಿಸುವಂತೆ ಹಳಿ ಊರುಗಳಿಂದ ದೂರದಲ್ಲೇ ಹಾದುಹೋಯಿತು, ಸಿಂದಗಿ ಮತ್ತು ಮುದ್ದೇಬಿಹಾಳ ಪಟ್ಟಣಗಳಿಗೆ ಅದು ತಲುಪಲೇ ಇಲ್ಲ.

ಬರಗಾಲದ ಕಾಮಗಾರಿಗಳಲ್ಲಿ ಈ ಸೀಮೆಯ ಜನ ಮಣ್ಣು ಹೊತ್ತರು, ಕಲ್ಲು ಒಡೆದರು. ನಕ್ಷೆ ಬರೆದವರು, ಅಳತೆ ಹಿಡಿದವರು, ಲೆಕ್ಕ ಕಟ್ಟಿದವರು ಹೊರಗಿನವರು. ಇಡೀ ಪ್ರಾಂತದ ಎಂಜಿನಿಯರುಗಳನ್ನು ತಯಾರಿಸುತ್ತಿದ್ದುದು 1854ರಲ್ಲಿ ಆರಂಭವಾದ ಪುಣೆಯ ಎಂಜಿನಿಯರಿಂಗ್ ಶಾಲೆ, ಮುಂದೆ ಅದೇ ಕಾಲೇಜಾಯಿತು. ಅಲ್ಲಿ ಓದಿ 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಬಂದದ್ದು, ಕನ್ನಡನಾಡಿನ ಎಂಜಿನಿಯರೊಬ್ಬರು ಹೊರದೇಶದ ಅನುಭವವನ್ನು ತಮ್ಮ ನಾಡಿನ ಪ್ರಶ್ನೆಗಳಿಗೆ ಒರೆಹಚ್ಚಿ ನೋಡಿದ ಆರಂಭದ ಉದಾಹರಣೆಗಳಲ್ಲಿ ಒಂದು. ಇಂಡಿ ಅಥವಾ ಮುದ್ದೇಬಿಹಾಳದ ಹಳ್ಳಿಯ ಹುಡುಗನಿಗೆ ಮಾತ್ರ ಪುಣೆ ಬಹು ದೂರದ ಊರಾಗಿತ್ತು, ದಾರಿಯ ದೂರಕ್ಕಿಂತ ಹೆಚ್ಚಾಗಿ ಹಣದ, ಇಂಗ್ಲಿಷಿನ ಮತ್ತು ಸಮೀಪದಲ್ಲಿ ಪ್ರೌಢಶಾಲೆ ಇಲ್ಲದಿರುವಿಕೆಯ ದೂರ ಅದು.

ಸಮ್ಮೇಳನಗಳ ಯುಗ ಮತ್ತು ಕೃಷ್ಣೆಯ ಅಣೆಕಟ್ಟು

ಇದೇ ಕಾಲದಲ್ಲಿ ಜಗತ್ತಿನ ಬೇರೆಡೆ ಎಂಜಿನಿಯರುಗಳು ದೇಶದ ಗಡಿ ದಾಟಿ ಕೂಡುವ ಪದ್ಧತಿ ಬೆಳೆಯುತ್ತಿತ್ತು. ಷಿಕಾಗೊ ನಗರದಲ್ಲಿ 1893ರಲ್ಲಿ ವಿಶ್ವಮೇಳದ ಜೊತೆಗೇ ಅಂತರರಾಷ್ಟ್ರೀಯ ಎಂಜಿನಿಯರಿಂಗ್ ಅಧಿವೇಶನ ನಡೆಯಿತು. 1924ರಲ್ಲಿ ಲಂಡನ್ನಿನಲ್ಲಿ ವಿಶ್ವ ಶಕ್ತಿ ಸಮ್ಮೇಳನ ಸೇರಿತು. 1928ರಲ್ಲಿ ದೊಡ್ಡ ಅಣೆಕಟ್ಟುಗಳ ಅಂತರರಾಷ್ಟ್ರೀಯ ಆಯೋಗವೂ 1950ರಲ್ಲಿ ನೀರಾವರಿ ಮತ್ತು ಬಸಿಗಾಲುವೆ ವ್ಯವಸ್ಥೆಗಳ ಅಂತರರಾಷ್ಟ್ರೀಯ ಆಯೋಗವೂ ಹುಟ್ಟಿದವು. ಇವುಗಳಲ್ಲಿ ಎರಡನೆಯದರ ಕೇಂದ್ರಕಚೇರಿ ದಿಲ್ಲಿಯಲ್ಲೇ ನೆಲೆಗೊಂಡಿತು, ಮತ್ತು 1951ರಲ್ಲಿ ಈ ಎರಡೂ ಆಯೋಗಗಳ ಮಹಾಧಿವೇಶನಗಳು ದಿಲ್ಲಿಯಲ್ಲಿ ನಡೆದವು. ಒಂದು ಕಡೆ ಬಿರುಕು ಬಿಟ್ಟ ಅಣೆಕಟ್ಟಿನ ಪಾಠ ಇನ್ನೊಂದು ಕಡೆಯ ಅಣೆಕಟ್ಟನ್ನು ಉಳಿಸಬೇಕು ಎಂಬುದೇ ಇಂಥ ಸಭೆಗಳ ಮೂಲ ಆಶಯವಾದ್ದರಿಂದ, ಆಗತಾನೆ ಸ್ವತಂತ್ರವಾಗಿ ದೊಡ್ಡ ಅಣೆಕಟ್ಟುಗಳನ್ನು ಕಟ್ಟಲು ಹೊರಟಿದ್ದ ಭಾರತಕ್ಕೆ ಅವು ಬೇಕಾಗಿದ್ದವು.

1956ರಲ್ಲಿ ಕನ್ನಡನಾಡು ಒಂದಾದಾಗ ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. 1964ರ ಮೇ 22ರಂದು, ಆಗ ಕೇಂದ್ರ ಸಂಪುಟದಲ್ಲಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಂದಿನ ಬಸವನ ಬಾಗೇವಾಡಿ ತಾಲೂಕಿನ ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು. ಕೃಷ್ಣೆಯ ನೀರಿನ ಹಂಚಿಕೆಯ ಬಗ್ಗೆ ರಾಜ್ಯಗಳ ನಡುವೆ ಎದ್ದ ತಕರಾರನ್ನು ಬಗೆಹರಿಸಲು 1969ರಲ್ಲಿ ನೇಮಕವಾದ ನ್ಯಾಯಮೂರ್ತಿ ಆರ್. ಎಸ್. ಬಚಾವತ್ ನೇತೃತ್ವದ ನ್ಯಾಯಾಧಿಕರಣವು ಕರ್ನಾಟಕಕ್ಕೆ 700 ಟಿಎಂಸಿ ನೀರನ್ನು ನಿಗದಿಪಡಿಸಿತು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಲೀಟರಿನ ಲೆಕ್ಕದಲ್ಲಿ ಸುಮಾರು 2,831 ಕೋಟಿ. ಯೋಜನೆಯ ಮೊದಲ ಎರಡು ಹಂತಗಳಿಗೆ 173 ಟಿಎಂಸಿ ನೀರು ಮತ್ತು 6.22 ಲಕ್ಷ ಹೆಕ್ಟೇರ್ ನೀರಾವರಿಯ ಗುರಿ ಗೊತ್ತಾಯಿತು. ಕೆಳಗಡೆ ನಾರಾಯಣಪುರದಲ್ಲಿ ಬಸವಸಾಗರ, ಮೇಲ್ಗಡೆ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ ಎಂಬ ಎರಡು ಜಲಾಶಯಗಳು ಈ ವ್ಯವಸ್ಥೆಯ ಆಧಾರ. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ರಚನೆಯಾದ ಮೇಲೆ ವೇಗ ಪಡೆದ ಆಲಮಟ್ಟಿಯ ಕೆಲಸ 2005ರಲ್ಲಿ ಮುಗಿದು, 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು.

ಅಡಿಗಲ್ಲಿನಿಂದ ಅರ್ಪಣೆಯವರೆಗಿನ ನಾಲ್ಕು ದಶಕಗಳಲ್ಲಿ ಆಲಮಟ್ಟಿ ಕರ್ನಾಟಕದ ಗಡಿಯಾಚೆಗೂ ಚರ್ಚೆಯ ವಿಷಯವಾಯಿತು. ಅಣೆಕಟ್ಟಿನ ಎತ್ತರವನ್ನು ಕುರಿತು ರಾಜ್ಯಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವು, 519.6 ಮೀಟರಿನವರೆಗೆ ನೀರು ನಿಲ್ಲಿಸುತ್ತಿದ್ದ ಜಲಾಶಯವನ್ನು 524.256 ಮೀಟರಿಗೆ ಏರಿಸಲು ಎರಡನೆಯ ನ್ಯಾಯಾಧಿಕರಣ ಮುಂದೆ 2010ರಲ್ಲಿ ಸಮ್ಮತಿಸಿತು. ಯೋಜನೆಗೆ ಸಾಲ ಕೊಟ್ಟಿದ್ದ ವಿಶ್ವಬ್ಯಾಂಕು, ಸಂತ್ರಸ್ತರ ಪುನರ್ವಸತಿಯ ಕೆಲಸ ಹಿಂದುಳಿದಿದೆ ಎಂಬ ಕಾರಣಕ್ಕೆ 1990ರ ದಶಕದಲ್ಲಿ ಹಣ ಬಿಡುಗಡೆಯನ್ನು ತಡೆಹಿಡಿಯಿತು. ಬಾಗಲಕೋಟೆಯ ಬಹುಭಾಗ ಹಿನ್ನೀರಿಗೆ ಸಿಕ್ಕಿತು, ಹಳೆಯ ಕೊಲ್ಹಾರ ಮುಳುಗಿತು, ನದಿದಂಡೆಯ ಅನೇಕ ಹಳ್ಳಿಗಳು ಎತ್ತರದ ಪುನರ್ವಸತಿ ಕೇಂದ್ರಗಳಿಗೆ ಎದ್ದವು. ಅಣೆಕಟ್ಟಿನ ಸಾಮರ್ಥ್ಯವನ್ನು ಕಾಂಕ್ರೀಟಿನ ಬಲದಿಂದ ಮಾತ್ರ ಅಳೆಯಲಾಗದು, ಎಬ್ಬಿಸಿದ ಮನೆಗಳ ಲೆಕ್ಕವೂ ಅದರೊಳಗೆ ಸೇರಬೇಕು ಎಂಬ ಪಾಠವನ್ನು ಜಗತ್ತಿನ ಎಂಜಿನಿಯರಿಂಗ್ ಲೋಕ ಕಲಿಯುತ್ತಿದ್ದ ಕಾಲದಲ್ಲಿ, ಈ ಸೀಮೆಯ ಜನ ಆ ಪಾಠದ ಬೆಲೆಯನ್ನು ತಮ್ಮ ಮನೆ ಹೊಲಗಳಿಂದ ತೆತ್ತರು.

ಎರೆ ಮಣ್ಣು ಸಮ್ಮೇಳನದ ವಸ್ತುವಾದದ್ದು

ಕಾಲುವೆಗಳು ಎರೆಯ ಬಯಲಿಗೆ ಇಳಿದಾಗ ನೆಲದ ಹಳೆಯ ಸ್ವಭಾವ ಹೊಸ ರೂಪದಲ್ಲಿ ಎದುರಾಯಿತು. ಕಾಲುವೆಯ ತಳಕ್ಕೂ ಬದಿಗೂ ಹಾಕಿದ ಕಾಂಕ್ರೀಟಿನ ಹೊದಿಕೆಯನ್ನು, ನೀರು ಕುಡಿದು ಉಬ್ಬುವ ಮಣ್ಣು ಕೆಳಗಿನಿಂದ ಒತ್ತಿ ಒಡೆಯುತ್ತದೆ. ಒಡೆದ ಸಂದಿಯಿಂದ ಇನ್ನಷ್ಟು ನೀರು ಇಳಿದು ಮಣ್ಣು ಇನ್ನಷ್ಟು ಉಬ್ಬುತ್ತದೆ. ಮಣ್ಣಿನ ವರ್ತನೆಯನ್ನು ಗಣಿತದ ಮೂಲಕ ಅರಿಯುವ ಶಾಸ್ತ್ರಕ್ಕೆ ಜಾಗತಿಕ ವೇದಿಕೆ ದೊರೆತದ್ದು 1936ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಟೆರ್ಜಾಗಿಯವರ ಮುಂದಾಳತನದಲ್ಲಿ ಸೇರಿದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನದಿಂದ. ಉಬ್ಬುವ ಮಣ್ಣುಗಳಿಗೇ ಮೀಸಲಾದ ಸಮ್ಮೇಳನಗಳ ಸರಣಿ 1965ರಲ್ಲಿ ಟೆಕ್ಸಾಸಿನಲ್ಲಿ ಆರಂಭವಾಗಿ, ಇಸ್ರೇಲಿನ ಹೈಫಾ, ಅಮೆರಿಕದ ಡೆನ್ವರ್, ಆಸ್ಟ್ರೇಲಿಯಾದ ಅಡಿಲೇಡ್ ನಗರಗಳನ್ನು ಹಾದು, 1987ರಲ್ಲಿ ಆರನೆಯ ಸಮ್ಮೇಳನವಾಗಿ ದಿಲ್ಲಿಗೆ ಬಂತು.

ಈ ಕ್ಷೇತ್ರದಲ್ಲಿ ಭಾರತದಿಂದ ಸಂದ ಮುಖ್ಯ ಕೊಡುಗೆ ಐಐಟಿ ಬಾಂಬೆಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರದು. ಉಬ್ಬುವ ಮಣ್ಣಿಗೂ ಕಾಲುವೆಯ ಹೊದಿಕೆಗೂ ನಡುವೆ, ತಾನು ಉಬ್ಬದ ಆದರೆ ಅಂಟುಗುಣವುಳ್ಳ ಮಣ್ಣಿನ ಪದರವೊಂದನ್ನು ತಕ್ಕ ದಪ್ಪಕ್ಕೆ ಹಾಕಿ ಗಟ್ಟಿಗೊಳಿಸಿದರೆ ಕೆಳಗಿನ ಉಬ್ಬುವಿಕೆಯನ್ನು ತಡೆಹಿಡಿಯಬಹುದು ಎಂದು ಅವರು ಪ್ರಯೋಗಗಳಿಂದ ತೋರಿಸಿದರು. ಸಿಎನ್ಎಸ್ ಪದರವೆಂದು ಎಂಜಿನಿಯರುಗಳು ಕರೆಯುವ ಈ ವಿಧಾನ ಭಾರತೀಯ ಮಾನಕ ಸಂಸ್ಥೆಯ ಐಎಸ್ 9451 ಎಂಬ ಮಾರ್ಗಸೂಚಿಯಲ್ಲಿ ಸ್ಥಾನ ಪಡೆಯಿತು. ಇಂಥ ಪದರಕ್ಕೆ ಅನೇಕ ಕಡೆ ಒದಗುವುದು ಈ ಸೀಮೆಯವರು ಗರಸು ಎನ್ನುವ ಜಾತಿಯ ಮಣ್ಣೇ ಎಂಬುದು ಗಮನಾರ್ಹ. ಎರೆಯ ಮೇಲೆ ಗರಸು ಹಾಕಬೇಕು ಎಂಬುದು ಹಳ್ಳಿಯವರಿಗೆ ರೂಢಿಯಿಂದ ಗೊತ್ತಿತ್ತು. ಯಾವ ಗರಸು, ಎಷ್ಟು ದಪ್ಪ, ಎಷ್ಟು ತೇವದಲ್ಲಿ ಎಷ್ಟು ಬಡಿಯಬೇಕು, ಅದು ಏಕೆ ತಡೆಯುತ್ತದೆ ಎಂಬುದಕ್ಕೆ ಅಳತೆಯ ಉತ್ತರ ಕೊಟ್ಟದ್ದು ಪ್ರಯೋಗಶಾಲೆ. ಇವೆರಡೂ ಪರಸ್ಪರ ಮಾತಾಡುವ ಸ್ಥಿತಿ ಬರಬೇಕಾದರೆ, ಗರಸನ್ನು ಬಲ್ಲ ಮನೆಯ ಮಗ ಅಥವಾ ಮಗಳು ಪ್ರಯೋಗಶಾಲೆಯೊಳಗೆ ಕಾಲಿಡಬೇಕಿತ್ತು.

ಶಾಲೆಗಳು ಬಂದವು

ಆ ಪ್ರವೇಶಕ್ಕೆ ಬಾಗಿಲು ತೆರೆದವರಲ್ಲಿ ಮೊದಲು ನೆನೆಯಬೇಕಾದವರು ಫ. ಗು. ಹಳಕಟ್ಟಿ. ವಚನಗಳ ಓಲೆಗರಿಗಳನ್ನು ಹುಡುಕಿ ಸಂಪಾದಿಸಿ ಮುದ್ರಿಸುವುದಕ್ಕೆ ಬಾಳನ್ನು ಮುಡಿಪಾಗಿಟ್ಟ ಇವರು, 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆ, ಅಂದರೆ ಜನರ ಬಾಯಲ್ಲಿರುವ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೂ ಕಾರಣರಾದರು. ದುಡಿಮೆಗೆ ಗೌರವ ಕೊಟ್ಟ ಬಸವಣ್ಣನವರು ಹುಟ್ಟಿದ ಬಾಗೇವಾಡಿಯಂಥ ಊರುಗಳ ಜಿಲ್ಲೆಯಲ್ಲಿ, ದುಡಿಯುವವರ ಮಕ್ಕಳು ಓದಬೇಕೆಂಬ ಹಂಬಲಕ್ಕೆ ಈ ಸಂಸ್ಥೆ ಆಸರೆಯಾಯಿತು. ಎಂಜಿನಿಯರಿಂಗ್ ವಿದ್ಯೆಯ ಮಟ್ಟಿಗೆ ಹೇಳುವುದಾದರೆ, 1947ರಲ್ಲಿ ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಕಾಲೇಜು, 1958ರಲ್ಲಿ ಕಲಬುರ್ಗಿಯಲ್ಲಿ ಪಿ.ಡಿ.ಎ. ಕಾಲೇಜು, 1963ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ಕಾಲೇಜು ಆರಂಭವಾಗಿ, 1980ರಲ್ಲಿ ಬಿಜಾಪುರ ನಗರದಲ್ಲೇ ಹಳಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ನೆಲೆಗೊಂಡಿತು. ಆಲಮಟ್ಟಿಗೆ ಅಡಿಗಲ್ಲು ಬಿದ್ದು ಹದಿನಾರು ವರ್ಷಗಳಾದ ಮೇಲೆ ಜಿಲ್ಲಾಕೇಂದ್ರದಲ್ಲಿ ಈ ಕಾಲೇಜು ತೆರೆಯಿತು ಎಂಬ ಒಂದು ಸಂಗತಿಯೇ ಮೇಲೆ ಹೇಳಿದ ಅಂತರದ ಅಳತೆಯಾಗಿದೆ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಪಠ್ಯಕ್ರಮದಡಿ ಬಂದದ್ದರಿಂದ, ವಿಜಯಪುರದ ವಿದ್ಯಾರ್ಥಿಯೂ ಬೆಂಗಳೂರಿನ ವಿದ್ಯಾರ್ಥಿಯೂ ಒಂದೇ ಪರೀಕ್ಷೆ ಬರೆಯುವಂತಾಯಿತು.

ಅವಕಾಶ ಮಾತ್ರ ಸಮನಾಗಲಿಲ್ಲ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ 2002ರ ತನ್ನ ವರದಿಯಲ್ಲಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದಾಗ ಈ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಕನ್ನಡ ಮಾಧ್ಯಮದಲ್ಲಿ ಓದಿ, ಕೆಲವೊಮ್ಮೆ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷದ ಪದವಿಗೆ ಸೇರುವ ಹಳ್ಳಿಯ ವಿದ್ಯಾರ್ಥಿಗೆ, ಪಠ್ಯದ ಇಂಗ್ಲಿಷನ್ನು ಅರಗಿಸಿಕೊಳ್ಳುವುದರಲ್ಲೇ ಆರಂಭದ ತಿಂಗಳುಗಳು ಕಳೆಯುತ್ತವೆ. ಇಂಥವರಿಗೆ ಸಂಶೋಧನೆಯ ರುಚಿ ಹತ್ತಿಸಿದ ಪ್ರಯತ್ನಗಳಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಿಂದ ನಡೆಸಿಕೊಂಡು ಬಂದಿರುವ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮ ಮುಖ್ಯವಾದದ್ದು. ಅಂತಿಮ ವರ್ಷದ ವಿದ್ಯಾರ್ಥಿಗಳ ಆಯ್ದ ಯೋಜನೆಗಳಿಗೆ ಅದು ಧನಸಹಾಯ ಕೊಟ್ಟು, ಮುಗಿದ ಕೆಲಸವನ್ನು ರಾಜ್ಯಮಟ್ಟದ ಪ್ರದರ್ಶನದಲ್ಲಿ ಮಂಡಿಸುವ ಅವಕಾಶ ಕಲ್ಪಿಸುತ್ತದೆ.

ವಿದ್ಯಾರ್ಥಿ ಸಭೆಯನ್ನು ಸೇರುವ ಬಗೆ

ಅಂತರರಾಷ್ಟ್ರೀಯ ಸಮ್ಮೇಳನದ ವೇದಿಕೆಗೆ ವಿದ್ಯಾರ್ಥಿ ಏರುವುದು ಹಲವು ಮೆಟ್ಟಿಲುಗಳನ್ನು ದಾಟಿದ ಮೇಲೆ. ಸಂಘಟಕರು ವಿಷಯಗಳನ್ನು ಸಾರಿ ಪ್ರಬಂಧಗಳನ್ನು ಆಹ್ವಾನಿಸುತ್ತಾರೆ. ವಿದ್ಯಾರ್ಥಿ ಮಾರ್ಗದರ್ಶಕ ಅಧ್ಯಾಪಕರೊಡನೆ ಸೇರಿ, ಪ್ರಶ್ನೆ ಏನು, ವಿಧಾನ ಯಾವುದು, ಫಲ ಏನೆಂಬುದನ್ನು ಕೆಲವೇ ನೂರು ಪದಗಳಲ್ಲಿ ಹೇಳುವ ಸಾರಾಂಶ ಕಳಿಸುತ್ತಾನೆ. ಅದು ಒಪ್ಪಿಗೆಯಾದರೆ ಪೂರ್ಣ ಪ್ರಬಂಧವನ್ನು ಆ ವಿಷಯದ ಬೇರೆ ತಜ್ಞರು ಓದಿ, ಕೊರತೆಗಳನ್ನು ತೋರಿಸಿ, ತಿದ್ದಿಸಿ, ಕೆಲವೊಮ್ಮೆ ತಿರಸ್ಕರಿಸುತ್ತಾರೆ. ಸಮಾನರ ಪರಿಶೀಲನೆ ಎನ್ನುವ ಈ ಪದ್ಧತಿ ಸಮ್ಮೇಳನದ ಬೆನ್ನೆಲುಬು. ಹಣ ಕಟ್ಟಿದವರ ಪ್ರಬಂಧಗಳನ್ನೆಲ್ಲ ಪರಿಶೀಲನೆಯಿಲ್ಲದೆ ಅಚ್ಚುಹಾಕುವ ವ್ಯಾಪಾರಿ ಸಭೆಗಳು ಈಚೆಗೆ ಹೆಚ್ಚಿರುವುದರಿಂದ, ನಿಜವಾದ ಸಮ್ಮೇಳನವನ್ನು ಗುರುತಿಸುವ ವಿವೇಕವನ್ನು ವಿದ್ಯಾರ್ಥಿಗೆ ಮೊದಲೇ ಕಲಿಸಬೇಕಾಗಿದೆ.

ಪ್ರಬಂಧಕ್ಕೆ ದುಬಾರಿ ಯಂತ್ರೋಪಕರಣವೇ ಬೇಕೆಂದಿಲ್ಲ ಎಂಬುದಕ್ಕೆ ಎರೆ ಮಣ್ಣಿನ ಒಂದು ಸರಳ ಪರೀಕ್ಷೆಯನ್ನು ನೋಡಬಹುದು. ಒಣಗಿಸಿ, ಪುಡಿಮಾಡಿ, 425 ಮೈಕ್ರಾನಿನ ಜರಡಿಯಲ್ಲಿ ಸೋಸಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, 100 ಮಿಲಿಲೀಟರಿನ ಎರಡು ಗಾಜಿನ ಅಳತೆಜಾಡಿಗಳಿಗೆ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಕಲಕಿ ಗಾಳಿಗುಳ್ಳೆ ಬಿಡಿಸಿ, 24 ಗಂಟೆ ಅಲುಗಿಸದೆ ಇಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬಿ ಮೇಲೇರುತ್ತದೆ. ಎರಡು ಜಾಡಿಗಳಲ್ಲಿ ಮಣ್ಣು ನಿಂತ ಮಟ್ಟಗಳ ವ್ಯತ್ಯಾಸವನ್ನು ಸೀಮೆಎಣ್ಣೆಯ ಮಟ್ಟಕ್ಕೆ ಹೋಲಿಸಿ ಶೇಕಡಾವಾರು ಲೆಕ್ಕ ಹಾಕಿದರೆ ಬರುವುದೇ ಮುಕ್ತ ಉಬ್ಬು ಸೂಚ್ಯಂಕ. ಸಿಂದಗಿಯ ಹೊಲದ, ಡೋಣಿ ದಂಡೆಯ, ಕಾಲುವೆ ಬದಿಯ ಮಣ್ಣುಗಳನ್ನು ಹೀಗೆ ಅಳೆದು, ಅವುಗಳಿಗೆ ಸುಣ್ಣವನ್ನೋ ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿಯನ್ನೋ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಮತ್ತೆ ಅಳೆದರೆ, ಒಬ್ಬ ಪದವಿ ವಿದ್ಯಾರ್ಥಿಯ ಕೈಯಳತೆಯಲ್ಲೇ ಸಂಶೋಧನೆಯ ಪ್ರಶ್ನೆಯೊಂದು ರೂಪುಗೊಳ್ಳುತ್ತದೆ. ಹಳೆಯ ಬಸವನ ಬಾಗೇವಾಡಿ ತಾಲೂಕಿನ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರ ಇರುವುದರಿಂದ, ಸುಟ್ಟ ಕಲ್ಲಿದ್ದಲಿನ ಆ ಬೂದಿಯೂ ಇದೇ ನೆಲದ ಪ್ರಶ್ನೆಯಾಗಿದೆ.

ಸಭೆಯಲ್ಲಿ ಮಂಡನೆಗೆ ಸಿಗುವ ಕಾಲ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ; ಭಿತ್ತಿಪತ್ರ ಗೋಷ್ಠಿಯಾದರೆ ವಿದ್ಯಾರ್ಥಿ ತನ್ನ ಪತ್ರದ ಪಕ್ಕದಲ್ಲಿ ನಿಂತು, ಬಂದವರಿಗೆಲ್ಲ ವಿವರಿಸುತ್ತ ಹೋಗಬೇಕು. ವಿದ್ಯಾರ್ಥಿಯ ಬೆಳವಣಿಗೆಗೆ ಮಂಡನೆಗಿಂತ ಹೆಚ್ಚು ಒದಗುವುದು ಆಮೇಲಿನ ಪ್ರಶ್ನೋತ್ತರ. ಮಣ್ಣನ್ನು ಎಷ್ಟು ಆಳದಿಂದ ತೆಗೆಯಲಾಯಿತು, ಯಾವ ತಿಂಗಳಲ್ಲಿ, ಎಷ್ಟು ಮಾದರಿಗಳು, ಒಂದೇ ಫಲ ಮತ್ತೆ ಬಂತೇ ಎಂದು ಬೇರೆ ದೇಶದ ಸಂಶೋಧಕರು ಕೇಳಿದಾಗ, ಪುಸ್ತಕ ನೋಡಿ ಬರೆದವನು ತಡವರಿಸುತ್ತಾನೆ, ಹೊಲದಲ್ಲಿ ನಿಂತು ಮಣ್ಣು ತೆಗೆದವನು ಉತ್ತರಿಸುತ್ತಾನೆ. ಇಂಗ್ಲಿಷಿನ ಅಳುಕು ಹಳ್ಳಿಯ ವಿದ್ಯಾರ್ಥಿಯನ್ನು ಕಾಡುವುದು ಸಹಜವಾದರೂ, ಜಪಾನ್, ಬ್ರೆಜಿಲ್, ಇರಾನಿನಂಥ ದೇಶಗಳಿಂದ ಬಂದ ಅನೇಕರಿಗೂ ಅದು ಕಲಿತ ಭಾಷೆಯೇ ಎಂಬುದನ್ನು ಅಲ್ಲಿ ಕಂಡಮೇಲೆ ಆ ಅಳುಕು ಸಡಿಲಗೊಳ್ಳುತ್ತದೆ. ನೋಂದಣಿ ಶುಲ್ಕ, ಪ್ರಯಾಣದ ವೆಚ್ಚ, ಪಾಸ್‌ಪೋರ್ಟು ಮತ್ತು ವೀಸಾಗಳ ತೊಡಕು ಮಾತ್ರ ಸುಲಭವಾಗಿ ಸಡಿಲವಾಗುವಂಥವಲ್ಲ; 2020ರ ಸಾಂಕ್ರಾಮಿಕದ ನಂತರ ಅಂತರ್ಜಾಲದ ಮೂಲಕವೇ ಪ್ರಬಂಧ ಮಂಡಿಸುವ ಕ್ರಮ ಬಳಕೆಗೆ ಬಂದು ವೆಚ್ಚದ ಹೊರೆ ಒಂದಿಷ್ಟು ತಗ್ಗಿದೆಯಾದರೂ, ಗೋಷ್ಠಿ ಮುಗಿದಮೇಲೆ ಚಹಾ ಕುಡಿಯುತ್ತ ನಡೆಯುವ ಮಾತುಕತೆ, ಅದರಿಂದ ಬೆಳೆಯುವ ಪರಿಚಯ ಮತ್ತು ಮುಂದಿನ ಓದಿನ ದಾರಿಗಳು ಪರದೆಯ ಮೇಲೆ ಅಷ್ಟಾಗಿ ದೊರೆಯುವುದಿಲ್ಲ.

ಮುಂದಿನ ಹೊಣೆ

ಈ ನಾಲ್ಕು ತಾಲೂಕುಗಳಿಂದ ಜಗತ್ತಿನ ಸಭೆಗೆ ಹೋಗಬೇಕಾದ ಪ್ರಶ್ನೆಗಳು ಇಂದು ಮೊದಲಿಗಿಂತ ಹೆಚ್ಚಾಗಿವೆ. ನಾರಾಯಣಪುರ ಎಡದಂಡೆ ಕಾಲುವೆಯ ಜಾಲದಲ್ಲಿ ಗೇಟುಗಳನ್ನು ದೂರದಿಂದಲೇ ನಿಯಂತ್ರಿಸಿ ಹರಿವನ್ನು ಅಳೆಯುವ ಸ್ಕಾಡಾ ವ್ಯವಸ್ಥೆ ಬಂದಿದೆ; ಅದರಿಂದ ಇಂಡಿ ಶಾಖಾ ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪುವುದು ಎಷ್ಟರ ಮಟ್ಟಿಗೆ ಸುಧಾರಿಸಿದೆ ಎಂಬುದನ್ನು ಅಳೆಯಬೇಕಾದವರು ಆ ಹೊಲದ ಸಮೀಪದವರು. ಮುಳವಾಡ, ಚಿಮ್ಮಲಗಿ, ನಾಗರಬೆಟ್ಟ, ಗುತ್ತಿಬಸವಣ್ಣ ಏತ ನೀರಾವರಿ ಯೋಜನೆಗಳು ನದಿಯ ನೀರನ್ನು ಎತ್ತರದ ಬಯಲಿಗೆ ಏರಿಸುತ್ತಿರುವಾಗ, ಅದಕ್ಕೆ ತಗಲುವ ವಿದ್ಯುತ್ತಿನ ಲೆಕ್ಕ ಮತ್ತು ಅತಿಯಾಗಿ ನೀರು ಹಾಯಿಸಿದ ಎರೆಯಲ್ಲಿ ಜವಳು ಹಿಡಿದು ಉಪ್ಪು ಮೇಲೇಳುವ ಅಪಾಯ ಎರಡೂ ಅಧ್ಯಯನಕ್ಕೆ ಕಾದಿವೆ. ಹೂಳು ತುಂಬಿ ದಿಕ್ಕುಗೆಟ್ಟ ಡೋಣಿ ಮಳೆಗಾಲದಲ್ಲಿ ತಾಳಿಕೋಟೆಯ ಬಳಿ ಸೇತುವೆಯನ್ನು ಮುಳುಗಿಸಿ ಸಂಚಾರ ಕಡಿಯುವುದು, ಭೀಮೆ 2020ರ ಅಕ್ಟೋಬರಿನಲ್ಲಿ ಇಂಡಿ ಮತ್ತು ಸಿಂದಗಿಯ ದಂಡೆಯ ಹಳ್ಳಿಗಳಿಗೆ ನುಗ್ಗಿದ್ದು, ಬರದ ಸೀಮೆ ಎನಿಸಿಕೊಂಡ ನಾಡು ನೆರೆಯ ಲೆಕ್ಕವನ್ನೂ ಹಾಕಬೇಕಾದ ಕಾಲ ಬಂದಿರುವುದನ್ನು ತೋರಿಸುತ್ತವೆ.

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿದ್ಯಾರ್ಥಿಗೆ ಕಾಲೇಜಿನ ಪ್ರಯೋಗಶಾಲೆ ಸಂಜೆಯ ಮೇಲೂ ತೆರೆದಿರಬೇಕು, ನೀರಾವರಿ ಇಲಾಖೆಯ ಅಳತೆಯ ದಾಖಲೆಗಳು ಕೇಳಿದಾಗ ದೊರೆಯಬೇಕು, ಒಪ್ಪಿಗೆಯಾದ ಪ್ರಬಂಧವನ್ನು ಹಿಡಿದು ಹೊರಡುವ ಬಡವರ ಮಗಳ ದಾರಿಖರ್ಚಿಗೆ ಜಿಲ್ಲೆಯ ಸಂಸ್ಥೆಗಳು ಮುಂದೆ ಬರಬೇಕು. ಸಭೆಯಿಂದ ಮರಳಿದವರ ಮೇಲೂ ಒಂದು ಹೊಣೆಯಿದೆ. ಇಂಗ್ಲಿಷಿನಲ್ಲಿ ಮಂಡಿಸಿದ ಪ್ರಬಂಧದ ತಿರುಳನ್ನು ಕನ್ನಡದಲ್ಲಿ ಬರೆದು, ಮಣ್ಣು ಕೊಟ್ಟ ಹೊಲದ ಒಡೆಯನಿಗೂ, ನೀರು ಬಳಕೆದಾರರ ಸಹಕಾರ ಸಂಘಕ್ಕೂ, ತಾಲೂಕಿನ ಕಿರಿಯ ಎಂಜಿನಿಯರಿಗೂ ತಲುಪಿಸಬೇಕು. ಫಲವನ್ನು ಬಳಸಿ ನೋಡಿದವರು ಹೇಳುವ ಕೊರತೆಯೇ ಮುಂದಿನ ಪ್ರಬಂಧದ ಮೊದಲ ವಾಕ್ಯವಾಗಬೇಕು. ಬರಗಾಲದಲ್ಲಿ ಬುಟ್ಟಿ ಹೊತ್ತ, ಅಣೆಕಟ್ಟಿಗೆ ಮನೆ ಬಿಟ್ಟುಕೊಟ್ಟ, ತನ್ನ ನೆಲದ ಬಗ್ಗೆ ಬೇರೆಯವರು ಬರೆದುದನ್ನು ಬಹುಕಾಲ ಕಾಣದೆಯೇ ಉಳಿದ ಈ ಸೀಮೆಗೆ, ತನ್ನ ಮಣ್ಣು ಮತ್ತು ನೀರಿನ ವಿಷಯದಲ್ಲಿ ತಾನೇ ಅಳೆದು, ತಾನೇ ಬರೆದು, ಜಗತ್ತಿನ ಮುಂದೆ ತಾನೇ ಉತ್ತರ ಹೇಳುವ ಹಕ್ಕಿದೆ. ಅದನ್ನು ಚಲಾಯಿಸಬಲ್ಲ ವಿದ್ಯಾರ್ಥಿಗಳು ಈಗ ಸಿದ್ಧರಾಗುತ್ತಿರುವುದರಿಂದ, ಅವರ ಬೆನ್ನಿಗೆ ನಿಲ್ಲುವುದು ಜಿಲ್ಲೆಯ ಕಾಲೇಜುಗಳ, ಸರಕಾರದ ಮತ್ತು ಸಮಾಜದ ಕರ್ತವ್ಯ.